ಫೈರ್‌ವಾಲ್ ಆಫ್ ಮಾಡಿ ಹೋಗಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮೊದಲು ನಮ್ಮ ಮನೆಯಲ್ಲಿ ಮೇಲಿನ ಕೋಣೆಯ ಲ್ಯಾಪ್‌ಟಾಪಿನಿಂದ ಕೆಳಗಿನ ಕಂಪ್ಯೂಟರಿನ ಪ್ರಿಂಟರಿಗೆ ಪ್ರಿಂಟ್ ಹೋಗುತ್ತಿರಲಿಲ್ಲ. ರಿಪೇರಿಗೆ ಬಂದ ಹುಡುಗ ಹತ್ತೇ ನಿಮಿಷದಲ್ಲಿ ಸರಿ ಮಾಡಿಕೊಟ್ಟ. ಅಷ್ಟಮಿಗೆಂದು ಬೆಂಗಳೂರಿನಿಂದ ಮಗಳು ಬಂದು ನೋಡಿದಾಗಲೇ ಗೊತ್ತಾದದ್ದು, ಅವನು ಎರಡರಲ್ಲೂ ವಿಂಡೋಸ್ ಫೈರ್‌ವಾಲನ್ನೇ ಆಫ್ ಮಾಡಿ ಹೋಗಿದ್ದ. ಅಷ್ಟು ತಿಂಗಳೂ ನಾವು ಬ್ಯಾಂಕ್ ಕೆಲಸವನ್ನೆಲ್ಲ ಅದರಲ್ಲೇ ಮಾಡಿದ್ದೇವೆ.

ವಿಚಾರಿಸಿದರೆ ಅಕ್ಕಪಕ್ಕದ ಎರಡು ಮನೆಗಳಲ್ಲೂ ಇದೇ ಕತೆ. ಅದಕ್ಕೇ ಈ ಪತ್ರ.

ಫೈರ್‌ವಾಲ್ ಮಾಡುವ ಕೆಲಸ ಸರಳ. ನಾವು ಕೇಳಿದ್ದಕ್ಕೆ ಉತ್ತರವಾಗಿ ಬರುವುದನ್ನು ಒಳಗೆ ಬಿಡುತ್ತದೆ, ಕೇಳದೇ ಹೊರಗಿನಿಂದ ಬರುವುದನ್ನು ತಡೆಯುತ್ತದೆ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್ (ತಾನಾಗಿಯೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡುವ ವೈರಸ್) ಹಬ್ಬಿದಾಗ ಯಾರೂ ಮೇಲ್ ತೆರೆಯಬೇಕಾಗಿರಲಿಲ್ಲ, ಏನನ್ನೂ ಒತ್ತಬೇಕಾಗಿರಲಿಲ್ಲ, ಸುಮ್ನೆ ಇಂಟರ್ನೆಟ್‌ಗೆ ಜೋಡಿಸಿಟ್ಟ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್‌ಗಳು ತಾವಾಗಿಯೇ ಆಫ್ ಆಗಿ ಆನ್ ಆಗುತ್ತಿದ್ದವು. ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಆನ್ ಆಗಿ ಬರುತ್ತಿರಲಿಲ್ಲ. 2004ರಲ್ಲಿ ಸರ್ವೀಸ್ ಪ್ಯಾಕ್ 2 ಎಂಬ ದೊಡ್ಡ ಅಪ್‌ಡೇಟ್ ಬಂದ ಮೇಲೆ ಅದು ತಾನಾಗಿಯೇ ಆನ್ ಇರುವಂತಾಯಿತು. ಅಷ್ಟೆಲ್ಲ ಆಗಿ ಬಂದ ರಕ್ಷಣೆಯನ್ನು ಒಂದು ಪ್ರಿಂಟರಿಗಾಗಿ ತೆಗೆಯುವುದು ಸರಿಯಾ?

ರೂಟರ್ ಇದೆಯಲ್ಲ, ಅದೇ ತಡೆಯುತ್ತದೆ ಎನ್ನುವವರಿದ್ದಾರೆ. ಹೊರಗಿನವರನ್ನು ಅದು ತಕ್ಕಮಟ್ಟಿಗೆ ತಡೆಯುತ್ತದೆ, ನಿಜ. ಆದರೆ ಹಬ್ಬಕ್ಕೆ ಬಂದ ನೆಂಟರು ವೈಫೈ ಪಾಸ್‌ವರ್ಡ್ ಕೇಳಿ ತಮ್ಮ ಲ್ಯಾಪ್‌ಟಾಪ್ ಜೋಡಿಸುತ್ತಾರೆ, ಅದರಲ್ಲಿ ವೈರಸ್ ಇದ್ದರೆ ಅದು ಆಗಲೇ ರೂಟರಿನ ಈಚೆ ಇರುತ್ತದೆ ಅಲ್ವಾ? 2017ರ ಮೇ ತಿಂಗಳಿನ ವಾನಾಕ್ರೈ ಎಂಬ ವೈರಸ್ ಹೀಗೆಯೇ ಒಂದೇ ನೆಟ್‌ವರ್ಕಿನಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಾರಿ ಫೈಲುಗಳಿಗೆ ಬೀಗ ಹಾಕಿತ್ತು. ಅದು ನುಗ್ಗಿದ್ದು 445ನೇ ಪೋರ್ಟ್ ಎಂಬ ಬಾಗಿಲಿನಿಂದ, ವಿಂಡೋಸ್‌ನಲ್ಲಿ ಫೈಲ್ ಮತ್ತು ಪ್ರಿಂಟರ್ ಹಂಚಿಕೊಳ್ಳಲು ಬಳಕೆಯಾಗುವ ಅದೇ ದಾರಿ. ಅಲ್ಲಿದ್ದ ದೋಷವನ್ನು ಸರಿಪಡಿಸುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ನಮ್ಮ ಪ್ರಿಂಟರಿಗೆ ಬೇಕಾದದ್ದು ಇಷ್ಟೇ: ಮನೆಯ ವೈಫೈಯನ್ನು ವಿಂಡೋಸ್ ಸೆಟ್ಟಿಂಗ್‌ನಲ್ಲಿ ಪ್ರೈವೇಟ್ (ನಂಬುವ ನೆಟ್‌ವರ್ಕ್) ಎಂದು ಇಟ್ಟು, ಫೈರ್‌ವಾಲ್ ಪಟ್ಟಿಯಲ್ಲಿ ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ಒಂದಕ್ಕೆ ಅನುಮತಿ ಕೊಡುವುದು. ಲಾಡ್ಜ್, ರೈಲ್ವೆ ಸ್ಟೇಷನ್ ವೈಫೈ ಆದರೆ ಪಬ್ಲಿಕ್. ಮಗಳು ಐದು ನಿಮಿಷದಲ್ಲಿ ಮಾಡಿದಳು.

ಇನ್ನೊಂದು ಮಾತು. ಬ್ಯಾಂಕಿನವರು ಎಂದು ಫೋನ್ ಮಾಡಿ ಯಾವುದೋ ಆಪ್ ಹಾಕಿಸಿ ಸ್ಕ್ರೀನ್ ನೋಡುವವರನ್ನು ಫೈರ್‌ವಾಲ್ ತಡೆಯುವುದಿಲ್ಲ, ಒಳಗಿನಿಂದ ನಾವೇ ಕರೆದಂತೆ ಅದಕ್ಕೆ ಕಾಣುತ್ತದೆ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಉಡುಪಿ, ಮಣಿಪಾಲದ ರಿಪೇರಿ ಅಂಗಡಿಯವರಲ್ಲಿ ನನ್ನ ಕೋರಿಕೆ ಇದು. ಪರೀಕ್ಷೆ ಮಾಡಲು ಫೈರ್‌ವಾಲ್ ಆಫ್ ಮಾಡಬೇಕಾಗಬಹುದು, ಮಾಡಿ. ಹೊರಡುವ ಮೊದಲು ಆನ್ ಮಾಡಿ, ಏನು ಬದಲಾಯಿಸಿದಿರಿ ಎಂದು ಬಿಲ್ಲಿನಲ್ಲಿ ಒಂದು ಸಾಲು ಬರೆದುಕೊಡಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ದುಬೈ, ಮುಂಬೈಯಲ್ಲಿದ್ದಾರೆ, ಕಂಪ್ಯೂಟರ್ ಮುಂದೆ ಇರುವವರು ವಯಸ್ಸಾದ ಅಪ್ಪ ಅಮ್ಮ. ಮಕ್ಕಳು ಊರಿಗೆ ಬಂದಾಗ ಆ ಸಾಲನ್ನು ಓದುತ್ತಾರೆ.

– ಒಬ್ಬ ಓದುಗ, ಅಂಬಲಪಾಡಿ, ಉಡುಪಿ