ಸಚಿವರೇ, ಸಾಕ್ಷಿಯನ್ನು ನಮ್ಮ ಮೈಯಲ್ಲಿ ಹುಡುಕಬೇಡಿ, ಚಿಮಣಿಯಲ್ಲಿ ಹುಡುಕಿ

ಮಾನ್ಯ ಪರಿಸರ ಸಚಿವರಿಗೆ ನಮಸ್ಕಾರಗಳು.

ಇಷ್ಟು ದಿನ ಅರ್ಜಿ ಬರೆದೆ. ಪ್ರತಿ ಅರ್ಜಿಗೂ ಸ್ವೀಕೃತಿ ಸಿಕ್ಕಿತು, ಉತ್ತರ ಸಿಗಲಿಲ್ಲ. ಹಾಗಾಗಿ ಈಗ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ನಿಯಮ ಏನು ಹೇಳುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆ ನಿಯಮಗಳ ಕೆಳಗೆ ಸಹಿ ಹಾಕುವವರೇ ನೀವು.

ನಾನು ಕೇಳುತ್ತಿರುವುದು ಇಷ್ಟೇ. ಹೇಳದೆ ಕೇಳದೆ, ರಾತ್ರಿ ಹೊತ್ತು ಬಂದು ನಮ್ಮ ಮನೆ ಹತ್ತಿರದ ಹಳೆ ಟೈರ್ ಕಾಯಿಸುವ ಘಟಕದ ಹೊಗೆಯನ್ನು ಅಳೆಯಿರಿ. ಬರೀ ಧೂಳಲ್ಲ, ಹೊಗೆಯಲ್ಲಿರುವ, ಕ್ಯಾನ್ಸರ್ ತರುವ ಬೆಂಜೀನ್ ಮತ್ತು ಬೆಂಜೋಪೈರೀನ್ ಕೂಡ ಅಳೆಯಿರಿ. ಬಂದ ಅಂಕಿ ನಮಗೂ ತೋರಿಸಿ. ಅಲ್ಲಿಯವರೆಗೆ ರಾತ್ರಿ ಕೆಲಸ ನಿಲ್ಲಿಸಿ.

ಘಟಕದ ಹೆಸರು ಇಲ್ಲಿ ಬರೆಯುವುದಿಲ್ಲ, ನಿಮ್ಮ ಕಡತದಲ್ಲಿ ಇದೆ. ನಮ್ಮ ಮನೆಯ ಮಾಳಿಗೆ ಮೇಲೆ ನಿಂತರೆ ಕಾಣುತ್ತದೆ. ಹಳೆ ಟೈರ್ ಕಾಯಿಸಿ ಎಣ್ಣೆ ತೆಗೆಯುವ ಕೆಲಸ. ದೊಡ್ಡ ಕಬ್ಬಿಣದ ಪಾತ್ರೆಗೆ ಟೈರ್ ತುಂಬಿ, ಗಾಳಿಯಾಡದಂತೆ ಮುಚ್ಚಿ ಕಾಯಿಸುತ್ತಾರೆ. ಎಣ್ಣೆ ಬರುತ್ತದೆ, ಗ್ಯಾಸ್ ಬರುತ್ತದೆ, ಕೊನೆಗೆ ತಳದಲ್ಲಿ ಕರಿ ಪುಡಿ ಉಳಿಯುತ್ತದೆ. ಕಾಗದದ ಮೇಲೆ ಇದು ಕಸದಿಂದ ರಸ. ಪಾತ್ರೆ ಪೂರ್ತಿ ಆರಿದ ಮೇಲೆ ಬಾಗಿಲು ತೆಗೆದರೆ, ಗ್ಯಾಸನ್ನು ಸರಿಯಾಗಿ ಹಿಡಿದು ಸುಟ್ಟರೆ, ನಾನೂ ಒಪ್ಪುತ್ತಿದ್ದೆನೋ ಏನೋ. ಆದರೆ ಇಲ್ಲಿ ಆರುವ ತನಕ ಕಾಯುವ ತಾಳ್ಮೆ ಯಾರಿಗಿದೆ? ಬಿಸಿ ಇರುವಾಗಲೇ ಬಾಗಿಲು ತೆಗೆದು ಪುಡಿ ಬಳಿಯುತ್ತಾರೆ. ಮುಂದಿನ ಲೋಡು ಹಾಕಬೇಕಲ್ಲ. ಅದೂ ರಾತ್ರಿ, ಊರೆಲ್ಲ ಮಲಗಿದ ಮೇಲೆ.

ಬೆಳಿಗ್ಗೆ ಎದ್ದು ಕಿಟಕಿ ಪಟ್ಟಿಯ ಮೇಲೆ ಬೆರಳಾಡಿಸಿದರೆ ಮಸಿ. ಮಾಮೂಲಿ ಧೂಳಾದರೆ ಊದಿದರೆ ಹೋಗುತ್ತದೆ. ಇದು ಹೋಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡಾಗಿ ಹರಡಿಕೊಳ್ಳುತ್ತದೆ. ಸೋಪು ಹಾಕಿ ಉಜ್ಜಬೇಕು. ಒಣಗಲು ಹಾಕಿದ ಬಟ್ಟೆಯನ್ನು ರಾತ್ರಿ ಮರೆತು ಬಿಟ್ಟರೆ ಮತ್ತೆ ಒಗೆಯಬೇಕು. ಬಟ್ಟೆ, ಕಿಟಕಿ ಬಿಡಿ, ತೊಳೆದುಕೊಳ್ಳುತ್ತೇವೆ. ಶ್ವಾಸಕೋಶವನ್ನು ಯಾವ ಸೋಪು ಹಾಕಿ ತೊಳೆಯೋಣ ಸ್ವಾಮಿ? ನನ್ನ ಹೆಂಡತಿ ರಾತ್ರಿ ದಿಂಬು ಎತ್ತರ ಮಾಡಿಕೊಂಡು, ಕೂತು ಮಲಗಿದಂತೆ ಮಲಗುತ್ತಾಳೆ. ಸೆಖೆಗಾಲದಲ್ಲೂ ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿ ಮಲಗುವುದು ನಮಗೆ ರೂಢಿಯಾಗಿಬಿಟ್ಟಿದೆ. ಈಗ ಸೊಸೆ ಬಸುರಿ. ಅವಳನ್ನು ಮನೆಯ ಹಿಂಬದಿ ಕೋಣೆಗೆ ಕಳಿಸಿದ್ದೇವೆ, ಅಲ್ಲಿ ವಾಸನೆ ಸ್ವಲ್ಪ ಕಮ್ಮಿ ಅಂತ.

ನಿಮ್ಮ ಕೈಕೆಳಗಿನವರು ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಒಂದು ಸಲ ಅಳತೆಯ ಗಾಡಿ ಬಂದಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಬಂತು. ಬರುವ ವಿಷಯ ನಮಗೆ ಗೊತ್ತಿರಲಿಲ್ಲ, ಘಟಕದವರಿಗೆ ಗೊತ್ತಿತ್ತು. ಅವತ್ತು ಅಲ್ಲಿ ಒಲೆಯೇ ಹಚ್ಚಿರಲಿಲ್ಲ, ಅಂಗಳಕ್ಕೆ ನೀರು ಹಾಕಿ ಗುಡಿಸಿದ್ದರು. ಗಾಡಿಯನ್ನು ಗಾಳಿ ಬರುವ ಕಡೆ ನಿಲ್ಲಿಸಿದರು, ಗಾಳಿ ಹೋಗುವ ಕಡೆ ಅಲ್ಲ. ವರದಿ ಬಂತು: ಎಲ್ಲವೂ ಮಿತಿಯೊಳಗಿದೆ. ಇರದೆ ಏನು? ಹಚ್ಚದ ಒಲೆಯಲ್ಲಿ ಹೊಗೆ ಎಲ್ಲಿಂದ ಬರಬೇಕು!

ಅದನ್ನೂ ನುಂಗಿಕೊಂಡೆವು. ನನ್ನನ್ನು ಈ ಪತ್ರ ಬರೆಯುವಂತೆ ಮಾಡಿದ್ದು ಅದಲ್ಲ. ಕಡೇ ಸಲ ಕಚೇರಿಗೆ ಹೋದಾಗ ಅಲ್ಲಿನ ಸಾಹೇಬರು ಕಡತದಿಂದ ತಲೆ ಎತ್ತದೆ ಕೇಳಿದರು: “ನಿಮ್ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಆಗಿದೆಯೇನ್ರೀ? ಆಗಿದ್ರೆ ಈ ಹೊಗೆಯಿಂದಲೇ ಆಗಿದ್ದು ಅಂತ ಡಾಕ್ಟರ್ ಹತ್ರ ಸರ್ಟಿಫಿಕೇಟ್ ತನ್ನಿ, ನೋಡೋಣ.”

ನನ್ನ ಪಕ್ಕದಲ್ಲಿ ಸೊಸೆ ನಿಂತಿದ್ದಳು. ಏಳು ತಿಂಗಳು. ಅವಳಿಗೆ ಕುರ್ಚಿ ಕೊಡುವ ಮನಸ್ಸೂ ಆಗಲಿಲ್ಲ ಅವರಿಗೆ.

ಸಚಿವರೇ, ಅಂಥ ಸರ್ಟಿಫಿಕೇಟನ್ನು ಲೋಕದ ಯಾವ ಡಾಕ್ಟರೂ ಕೊಡಲಾರ. ಯಾಕೆ ಅಂತ ನಿಮ್ಮ ಸಾಹೇಬರಿಗೆ ಯಾರೂ ಹೇಳಿಕೊಟ್ಟಿಲ್ಲ ಅನ್ನಿಸುತ್ತದೆ. ನಾನು ಓದಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ, ಬೇಕಾದರೆ ಅವರ ಮೇಜಿಗೆ ಒಂದು ಪ್ರತಿ ಕಳಿಸಿ.

ಟೈರ್, ಕಲ್ಲಿದ್ದಲು, ಡೀಸೆಲ್, ಸಿಗರೇಟು, ಯಾವುದೇ ಅರೆಬರೆ ಸುಟ್ಟರೂ ಬರುವ ಒಂದು ವಸ್ತು ಬೆಂಜೋಪೈರೀನ್. ಇದು ಬಂದ ಹಾಗೇ, ಜೀವಕೋಶದ ಒಳಗೆ ಅಕ್ಷರಗಳಲ್ಲಿ ಬರೆದ ಸೂಚನೆಯಂತಿರುವ ಡಿಎನ್‌ಎಗೆ ಅಂಟುವುದಿಲ್ಲ. ನಮ್ಮ ಮೈ ಅದನ್ನು ಹೊರಗೆ ಹಾಕಬೇಕು ಅಂತ ನೀರಿನಲ್ಲಿ ಕರಗುವ ರೂಪಕ್ಕೆ ತಿರುಗಿಸಲು ಹೋಗುತ್ತದೆ. ಆ ಹಾದಿಯಲ್ಲಿ ಹುಟ್ಟುವ ಒಂದು ರೂಪ ಡಿಎನ್‌ಎಯ ಗ್ವಾನಿನ್ (ಜಿ) ಅನ್ನುವ ಅಕ್ಷರಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಜೀವಕೋಶ ಎರಡಾಗುವ ಮುಂಚೆ ಡಿಎನ್‌ಎಯ ಪ್ರತಿ ಮಾಡಿಕೊಳ್ಳುತ್ತದಲ್ಲ, ಆಗ ಆ ಜಾಗದಲ್ಲಿ ಎಡವಿ ಜಿ ಇರಬೇಕಾದಲ್ಲಿ ಟಿ ಅನ್ನುವ ಬೇರೆ ಅಕ್ಷರ ಬರೆದುಬಿಡಬಹುದು. ಬರೆದದ್ದು ಮುಂದಿನ ಎಲ್ಲ ಪ್ರತಿಗಳಲ್ಲೂ ಹಾಗೇ ಹೋಗುತ್ತದೆ.

ಇದು ಊಹೆಯ ಮಾತಲ್ಲ. ಪಿ53 ಅನ್ನುವ ಜೀನ್ ಇದೆ, ಕೆಟ್ಟ ಕೋಶಗಳು ಬೆಳೆಯದಂತೆ ತಡೆಯುವುದು ಅದರ ಕೆಲಸ. ಈ ವಸ್ತು ಆ ಜೀನ್‌ನಲ್ಲಿ ಎಲ್ಲಿ ಅಂಟುತ್ತದೆ ಅಂತ 1996ರಲ್ಲಿ ನೋಡಿದರು. 157, 248, 273ನೇ ಜಾಗಗಳಲ್ಲಿ ಜಾಸ್ತಿ ಅಂಟಿತ್ತು. ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಗಳಲ್ಲಿ ಪಿ53 ಪದೇ ಪದೇ ಕೆಟ್ಟಿರುವ ಜಾಗಗಳೂ ಅವೇ. ಮಸಿಗೂ ಕ್ಯಾನ್ಸರಿಗೂ ನಂಟಿದೆ ಅಂತ ಲಂಡನ್ನಿನ ಡಾಕ್ಟರ್ ಪರ್ಸಿವಲ್ ಪಾಟ್ ಚಿಮಣಿ ಗುಡಿಸುವ ಹುಡುಗರನ್ನು ನೋಡಿ ಹೇಳಿದ್ದು 1775ರಲ್ಲಿ. ನಿಮ್ಮ ಕಚೇರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಮೈಗೆ ರಿಪೇರಿ ಮಾಡಿಕೊಳ್ಳುವ ಶಕ್ತಿ ಇಲ್ಲವೇ ಅಂದರೆ ಇದೆ. ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಸರಿಯಾದದ್ದನ್ನು ತುಂಬುವ ಕಿಣ್ವಗಳಿವೆ. ಅದು ಹೇಗೆ ಅಂತ ಕಂಡುಹಿಡಿದ ಮೂವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಬಂತು. ಅವು ಅರ್ಜಿ ಕೇಳುವುದಿಲ್ಲ, ರಜೆ ಹಾಕುವುದಿಲ್ಲ. ಆದರೆ ಹಳೆಯದು ರಿಪೇರಿ ಆಗುವಷ್ಟರಲ್ಲಿ ಹೊಸದು ಬೀಳುತ್ತಿದ್ದರೆ ಕೆಲವು ಉಳಿದೇ ಉಳಿಯುತ್ತವೆ. ಆರ್ಸೆನಿಕ್‌ನಂಥ ವಿಷಗಳು ಈ ರಿಪೇರಿ ಕೆಲಸಕ್ಕೇ ಅಡ್ಡ ಬರುತ್ತವೆ. ಉಳಿದ ಗಾಯಗಳಲ್ಲಿ ಬಹುಪಾಲು ಏನೂ ಮಾಡುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೆಲವು ಕೋಶಗಳು ಸುಮ್ನೆ ಸಾಯುತ್ತವೆ. ಎಲ್ಲೋ ಒಂದು ಕೋಶದಲ್ಲಿ, ಏಟು ಬೀಳಬಾರದ ಜಾಗಗಳಲ್ಲೇ ಒಂದರ ಮೇಲೊಂದು ಬಿದ್ದರೆ, ಹತ್ತಿಪ್ಪತ್ತು ವರ್ಷಕ್ಕೆ ಗಡ್ಡೆ. ಅಷ್ಟೊತ್ತಿಗೆ ಘಟಕ ಮುಚ್ಚಿರುತ್ತದೆ, ಮಾಲೀಕರು ಬೇರೆ ಕಡೆ ಇರುತ್ತಾರೆ, ಸಾಹೇಬರು ಪಿಂಚಣಿ ತೆಗೆದುಕೊಳ್ಳುತ್ತಿರುತ್ತಾರೆ. ಸರ್ಟಿಫಿಕೇಟ್ ತನ್ನಿ ಅನ್ನುವುದು ಎಂಥ ಜಾಣತನ ನೋಡಿ!

ಬೆಂಜೀನಿನ ಕಥೆ ಬೇರೆ, ಅದು ಕೈ ಹಾಕುವುದು ಮೂಳೆಯ ಮಜ್ಜೆಗೆ, ರಕ್ತ ಹುಟ್ಟುವ ಜಾಗಕ್ಕೆ. ರಕ್ತದ ಕ್ಯಾನ್ಸರ್ ತರುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಅನ್ನುವ ಮಟ್ಟವೇ ಅದಕ್ಕಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ಲಾಸ್ಟಿಕ್ ಸುಟ್ಟರೆ ಬರುವ ಡಯಾಕ್ಸಿನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದೂ ಕ್ಯಾನ್ಸರ್ ತರುತ್ತದೆ, ಆದರೆ ಡಿಎನ್‌ಎಯನ್ನು ನೇರವಾಗಿ ಕೆಡಿಸಿ ಅಲ್ಲ. ಆದ್ದರಿಂದ ಇಲ್ಲಿ ಎಳೆದು ತರುವುದಿಲ್ಲ. ಹೊರಗಿನ ಗಾಳಿಯ ಮಾಲಿನ್ಯವನ್ನೇ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ 2013ಕ್ಕೇ ಆಯಿತು. ಸೇರಿಸಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ. ನಾನಲ್ಲ.

ನನ್ನ ನಿದ್ದೆ ಕೆಡಿಸಿದ್ದು ಪೋಲೆಂಡಿನ ಕ್ರಾಕೋವ್ ನಗರದ ಅಧ್ಯಯನ. ಅಲ್ಲಿ ತಾಯಂದಿರ ರಕ್ತ ಮತ್ತು ಹೆರಿಗೆಯಾದ ಕೂಡಲೇ ಹೊಕ್ಕುಳಬಳ್ಳಿಯ ರಕ್ತ ಎರಡನ್ನೂ ಪರೀಕ್ಷಿಸಿದರು. ತಾಯಿಗೆ ತಟ್ಟುವ ವಿಷದಲ್ಲಿ ಒಂದು ಸಣ್ಣ ಪಾಲು ಮಾತ್ರ ಮಗುವಿಗೆ ದಾಟುತ್ತದೆ ಅಂತ ಲೆಕ್ಕ. ಆದರೂ ಹೊಗೆಯ ವಸ್ತು ಅಂಟಿದ ಡಿಎನ್‌ಎ ಮಗುವಿನಲ್ಲಿ ತಾಯಿಗಿಂತ ಕಡಿಮೆ ಇರಲಿಲ್ಲ. ಇದನ್ನು ಓದಿದ ಮೇಲೆ ಹಿಂಬದಿ ಕೋಣೆಯ ಮೇಲೆ ನನಗಿದ್ದ ಧೈರ್ಯವೂ ಹೋಯಿತು. ಸೊಸೆಗೆ ಇನ್ನೂ ಹೇಳಿಲ್ಲ.

ಹೊಗೆ ನಿಂತರೆ ಏನಾಗುತ್ತದೆ ಅನ್ನುವುದಕ್ಕೂ ಉತ್ತರವಿದೆ. ಚೀನಾದ ಟಾಂಗ್ಲಿಯಾಂಗ್‌ನಲ್ಲಿ ಕಲ್ಲಿದ್ದಲು ಸುಡುವ ಒಂದು ವಿದ್ಯುತ್ ಸ್ಥಾವರವನ್ನು 2004ರಲ್ಲಿ ಮುಚ್ಚಿದರು. ಮುಚ್ಚುವ ಮೊದಲು ಹುಟ್ಟಿದ ಮಕ್ಕಳನ್ನೂ ಆಮೇಲೆ ಹುಟ್ಟಿದ ಮಕ್ಕಳನ್ನೂ ಹೋಲಿಸಿದರು. ಆಮೇಲೆ ಹುಟ್ಟಿದವರ ಡಿಎನ್‌ಎಗೆ ಅಂಟಿದ ವಿಷ ಕಡಿಮೆಯಾಗಿತ್ತು. ಕೆನಡಾದ ಹ್ಯಾಮಿಲ್ಟನ್ನಿನಲ್ಲಿ ಉಕ್ಕಿನ ಕಾರ್ಖಾನೆಗಳ ಗಾಳಿ ಬೀಸುವ ಕಡೆ ಹತ್ತು ವಾರ ಇಲಿಗಳನ್ನು ಇಟ್ಟರು. ಕೆಲವಕ್ಕೆ ಅದೇ ಗಾಳಿ, ಕೆಲವಕ್ಕೆ ಫಿಲ್ಟರ್‌ನಲ್ಲಿ ಸೋಸಿದ ಗಾಳಿ. ಸೋಸಿದ ಗಾಳಿ ಕುಡಿದ ಇಲಿಗಳ ಮರಿಗಳಿಗೆ ದಾಟಿದ ಡಿಎನ್‌ಎ ಬದಲಾವಣೆ ಸುಮಾರು ಅರ್ಧದಷ್ಟು ಮಾತ್ರ. 2004ರಲ್ಲೇ ಪ್ರಕಟವಾದ ಮಾತು ಇದು. ಆ ಇಲಿಗಳ ಪುಣ್ಯ, ಯಾರೋ ಫಿಲ್ಟರ್ ಹಾಕಿಕೊಟ್ಟರು. ಅವು ಸರ್ಟಿಫಿಕೇಟ್ ತರಬೇಕಾಗಲಿಲ್ಲ.

ಅದಕ್ಕೇ ಮತ್ತೆ ಕೇಳುತ್ತಿದ್ದೇನೆ. ರಾತ್ರಿ ಬನ್ನಿ. ಹೇಳದೆ ಬನ್ನಿ. ಪಾತ್ರೆಯ ಬಾಗಿಲು ತೆಗೆಯುವ ಹೊತ್ತಿಗೆ ಬನ್ನಿ. ಗಾಳಿ ನಮ್ಮ ಮನೆಗಳ ಕಡೆ ಬೀಸುವಾಗ, ನಮ್ಮ ಮನೆಗಳ ಬಳಿಯೇ ಗಾಡಿ ನಿಲ್ಲಿಸಿ ಅಳೆಯಿರಿ. ಅಷ್ಟಕ್ಕೂ ನಮ್ಮ ಮೈಯನ್ನೇ ನೋಡಬೇಕು ಅಂತಿದ್ದರೆ ಅದಕ್ಕೂ ದಾರಿಯಿದೆ, ಕ್ಯಾನ್ಸರ್ ಬರುವ ತನಕ ಕಾಯಬೇಕಿಲ್ಲ. ಕೆನ್ನೆಯ ಒಳಭಾಗವನ್ನು ಮೆತ್ತಗೆ ಉಜ್ಜಿ ತೆಗೆದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಡಿಎನ್‌ಎ ಕೆಟ್ಟ ಕೋಶಗಳಲ್ಲಿ ಪುಟ್ಟ ಹೆಚ್ಚುವರಿ ಕೋಶಕೇಂದ್ರಗಳು ಕಾಣುತ್ತವೆ. ಸೂಜಿ ಬೇಡ, ರಕ್ತ ಬೇಡ. ನಮ್ಮ ಕಡೆಯ ನೂರು ಜನ, ದೂರದ ನೂರು ಜನ, ಹೋಲಿಸಿ ನೋಡಿ. ಮೊದಲು ನಾನೇ ಬಾಯಿ ತೆರೆದು ಕೂರುತ್ತೇನೆ. ಆದರೆ ಆ ಪರೀಕ್ಷೆಯ ನೆಪ ಹೇಳಿ ಹೊಗೆ ಅಳೆಯುವುದನ್ನು ಮುಂದೂಡಬೇಡಿ. ಸಮಿತಿ ಮಾಡುತ್ತೇವೆ ಅಂತ ಮೂಗಿಗೆ ತುಪ್ಪ ಸವರುವುದೂ ಬೇಡ.

ಘಟಕದಲ್ಲಿ ಕೆಲಸ ಮಾಡುವ ಹುಡುಗರ ಹೊಟ್ಟೆ ಮೇಲೆ ಹೊಡೆಯುತ್ತೀರಾ ಅಂತ ಕೆಲವರು ಕೇಳುತ್ತಾರೆ. ಆ ಬಿಸಿ ಪುಡಿಯನ್ನು ಮುಖಕ್ಕೊಂದು ಟವೆಲ್ ಸುತ್ತಿಕೊಂಡು ಬಳಿಯುವವರು ಅವರೇ ಅಲ್ವಾ? ನಮಗಿಂತ ಮೊದಲು ಅವರ ಕೆನ್ನೆಯ ಕೋಶ ನೋಡಿ.

ಈ ಪತ್ರಕ್ಕೆ ‘ಪರಿಶೀಲಿಸಲಾಗುವುದು’ ಅನ್ನುವ ಉತ್ತರ ಬೇಡ, ಅದು ನನ್ನ ಹತ್ತಿರ ಬೇಕಾದಷ್ಟಿದೆ. ಯಾವ ರಾತ್ರಿ ಅಳೆದಿರಿ, ಎಷ್ಟು ಬಂತು, ಅದನ್ನು ಬರೆದು ಕಳಿಸಿ. ಅಳೆಯುವ ತನಕ ರಾತ್ರಿ ಕೆಲಸಕ್ಕೆ ಬೀಗ ಹಾಕಿಸಿ. ಸೊಸೆಗೆ ಇನ್ನೆರಡು ತಿಂಗಳಿಗೆ ಹೆರಿಗೆ. ಬೀಗ ಅದಕ್ಕೆ ಮೊದಲೇ ಬೀಳಬೇಕು.

ಇಂತಿ,
ನಿಮ್ಮ ಕಡತದಲ್ಲಿ ಹೆಸರು, ವಿಳಾಸ ಎಲ್ಲಾ ಇರುವ ಒಬ್ಬ ಅರ್ಜಿದಾರ