ಪೋಸ್ಟರ್ ಆಮೇಲೆ, ಮೊದಲು ಜಿಗಿತ

ಮಾನ್ಯ ಸಂಪಾದಕರೇ,

ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಮುಂತಾದವಕ್ಕೆಂದು ರಾಜ್ಯ ತಂದ ಎವಿಜಿಸಿ-ಎಕ್ಸ್‌ಆರ್ ನೀತಿಯ ಸುದ್ದಿ ಬಂದಾಗಲೆಲ್ಲ, ಬೆಂಗಳೂರಿನಲ್ಲಿ ಗೇಮ್ ಮೇಳ ನಡೆದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಜಪಾನಿನ ವಿಡಿಯೋ ಗೇಮ್‌ಗಳಿಗೆ ಮಾರಿಯೋ ಇದ್ದಾನೆ, ಪಿಕಾಚು ಇದೆ, ನಮಗೇಕೆ ಅಂಥದ್ದೊಂದು ಇಲ್ಲ? ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ನಮ್ಮಲ್ಲಿ ಭೀಮನಿದ್ದಾನೆ, ಹನುಮಂತನಿದ್ದಾನೆ, ಒನಕೆ ಓಬವ್ವ ಇದ್ದಾಳೆ, ಚಿತ್ರ ಬರೆಯುವವರಿಗೆ ಬರವಿಲ್ಲ, ದುಡ್ಡೊಂದು ಸಿಕ್ಕರೆ ಆಯಿತು! ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ಇದೇ ಕಸುಬಿನಲ್ಲಿರುವ ನಮ್ಮ ಅಭಿಪ್ರಾಯ. ಹೆಸರು ಮಾಡಿದ ಗೇಮ್ ಪಾತ್ರಗಳಲ್ಲಿ ಹೆಚ್ಚಿನವಕ್ಕೆ ಹುಟ್ಟುವಾಗ ಕುಲವೂ ಇರಲಿಲ್ಲ, ಕಥೆಯೂ ಇರಲಿಲ್ಲ. ಆಟಗಾರರ ಬೆರಳಿಗೆ ಅವು ಮೊದಲು ಒಗ್ಗಿದವು, ಮುಖ ಪ್ರಸಿದ್ಧವಾದದ್ದು ಆಮೇಲೆ.

ಮಾರಿಯೋನನ್ನೇ ನೋಡಿ. 1981ರ ‘ಡಾಂಕಿ ಕಾಂಗ್’ನಲ್ಲಿ ಅವನು ಬರೀ ‘ಜಂಪ್‌ಮ್ಯಾನ್’. ಅವನನ್ನು ಬರೆಯಲು ನಿಂಟೆಂಡೊ ಕಂಪನಿಯ ವಿನ್ಯಾಸಕ ಶಿಗೆರು ಮಿಯಾಮೊಟೊ ಅವರಿಗೆ ಸಿಕ್ಕಿದ್ದು 16×16 ಪಿಕ್ಸೆಲ್‌ಗಳ ಪುಟ್ಟ ಚೌಕ, ಬೆರಳೆಣಿಕೆಯ ಬಣ್ಣ. ಬಾಯಿ ಬಿಡಿಸಲು ಜಾಗವಿಲ್ಲ, ಹಾಗಾಗಿ ದಪ್ಪ ಮೂಗಿನ ಕೆಳಗೊಂದು ಮೀಸೆ. ನೆಗೆಯುವಾಗ ಕೂದಲು ಹಾರುವುದನ್ನು ತೋರಿಸುವುದು ಕಷ್ಟ, ಹಾಗಾಗಿ ಟೋಪಿ. ಕೈ ಬೀಸುವುದು ಕಾಣಬೇಕು, ಹಾಗಾಗಿ ಅಂಗಿಗೊಂದು ಬಣ್ಣ, ಮೇಲಿನ ಡಂಗರಿಗೆ ಇನ್ನೊಂದು. ಇವತ್ತು ಜಗತ್ತಿನ ಮಕ್ಕಳೆಲ್ಲ ಗುರುತಿಸುವ ಆ ವೇಷ ಹುಟ್ಟಿದ್ದು ಇಂಥ ಅಡಚಣೆಗಳಿಂದ.

ಆ ಚಿತ್ರದ ಗುಣ ಅಂದರೆ, ಎಷ್ಟು ಚಿಕ್ಕದಾಗಿಸಿದರೂ ಗುರುತು ಕೆಡುವುದಿಲ್ಲ. ತೊಗಲುಗೊಂಬೆ ಕೆತ್ತುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗೊಂಬೆ ಪರದೆಗೆ ತಾಗಿದೊಡನೆ ಇವನು ರಾವಣ, ಇವನು ಹನುಮಂತ ಎಂದು ಹೊರರೇಖೆಯೇ ಹೇಳಿಬಿಡುತ್ತದೆ. ಗೇಮ್ ಪಾತ್ರಕ್ಕೂ ಪರೀಕ್ಷೆ ಇದೇ. ಪಾತ್ರಕ್ಕೆ ಪೂರ್ತಿ ಕಪ್ಪು ತುಂಬಿ, 32 ಪಿಕ್ಸೆಲ್ ಎತ್ತರಕ್ಕೆ ಇಳಿಸಿ, ಅದೇ ಆಟದ ಉಳಿದ ಪಾತ್ರಗಳ ಸಾಲಿನಲ್ಲಿ ನಿಲ್ಲಿಸಿ, ಫೋನನ್ನು ಕೈ ಚಾಚಿ ಹಿಡಿದು ನೋಡಿ. ಯಾರು ಯಾರೆಂದು ಥಟ್ಟನೆ ತಿಳಿಯದಿದ್ದರೆ ಮತ್ತೆ ಕಾಗದ-ಪೆನ್ಸಿಲ್‌ಗೆ ಮರಳಬೇಕು. 2007ರ ‘ಟೀಮ್ ಫೋರ್ಟ್ರೆಸ್ 2’ಗಾಗಿ ವಾಲ್ವ್ ಕಂಪನಿಯವರು ಒಂಬತ್ತು ಬಗೆಯ ಯೋಧರನ್ನು ಹೀಗೆ ಹೊರರೇಖೆಯಿಂದಲೇ ಬೇರ್ಪಡಿಸಿದರು. ನಮ್ಮ ಪೌರಾಣಿಕ ನಾಯಕರ ಕರಡುಗಳು ಮುಗ್ಗರಿಸುವುದು ಇಲ್ಲಿಯೇ. ಕಿರೀಟ, ಭುಜಕೀರ್ತಿ, ಎದೆಕವಚ, ಗಾಳಿಗೆ ಹಾರುವ ಉತ್ತರೀಯ, ಎಲ್ಲರಿಗೂ ಎಲ್ಲವೂ ಇರುತ್ತದೆ. ಕಪ್ಪು ತುಂಬಿದರೆ ಅರ್ಜುನನೂ ಕರ್ಣನೂ ಒಂದೇ. ಒಂದು ದೊಡ್ಡ ಆಕಾರ, ಎರಡು-ಮೂರು ಬಣ್ಣ, ಬೇರೆ ಯಾರಿಗೂ ಇಲ್ಲದ ಒಂದು ಗುರುತು, ಇಷ್ಟು ಸಾಕು. ಐದನೇ ಕ್ಲಾಸಿನ ಮಗು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನೆನಪಿನಿಂದ ಗೀಚುವಂತಿರಬೇಕು.

ಚಿತ್ರದ ಮಾತು ಇಷ್ಟೇ. ನಿಜವಾದ ಕೆಲಸ ಇರುವುದು ಚಲನೆಯಲ್ಲಿ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ಬಟನ್ ಮುಟ್ಟಿ ಬಿಟ್ಟರೆ ಸಣ್ಣ ಕುಪ್ಪಳಿಕೆ, ಒತ್ತಿ ಹಿಡಿದರೆ ಎತ್ತರದ ನೆಗೆತ. ಮೊದಲ ಹಂತದ ಮೊದಲ ಮೂರು ಕೊಳವೆಗಳು ಕ್ರಮವಾಗಿ 2, 3, 4 ಇಟ್ಟಿಗೆ ಎತ್ತರ; ಒತ್ತಿ ಹಿಡಿಯಬೇಕು ಎಂಬುದನ್ನು ಅವೇ ಕಲಿಸುತ್ತವೆ. ಮೊದಲ ಅಣಬೆ ಮುಂದಕ್ಕೆ ಉರುಳಿ, ಕೊಳವೆಗೆ ಬಡಿದು, ಆಟಗಾರನ ಕಡೆಗೇ ತಿರುಗಿ ಬರುತ್ತದೆ. ತಲೆಯ ಮೇಲೆ ಇಟ್ಟಿಗೆ ಸಾಲಿರುವುದರಿಂದ ಹಾರಿ ತಪ್ಪಿಸಿಕೊಳ್ಳಲು ಹೋದರೂ ಅದು ತಗಲುವುದೇ ಹೆಚ್ಚು. ತಗಲಿದರೆ ಕೆಡುಕಲ್ಲ, ಮೈ ದೊಡ್ಡದಾಗುತ್ತದೆ ಎಂದು ಆಗ ತಿಳಿಯುತ್ತದೆ. ಮುಂದೆ ಎರಡು ಮೆಟ್ಟಿಲ ಸಾಲುಗಳ ನಡುವೆ ನೆಲವಿದೆ, ತಪ್ಪಿ ಬಿದ್ದರೂ ಜೀವ ಹೋಗುವುದಿಲ್ಲ. ಅದರ ಬೆನ್ನಿಗೇ ಅಂಥದೇ ಇನ್ನೊಂದು ಜೋಡಿ, ನಡುವೆ ಹಳ್ಳ. ಒಂದಕ್ಷರದ ಸೂಚನೆಯಿಲ್ಲದೆ ಪಾಠ, ಅಭ್ಯಾಸ, ಪರೀಕ್ಷೆ ಮೂರೂ ಮುಗಿದವು. ಇಡೀ ಆಟದ ಗಾತ್ರ 40 ಕಿಲೋಬೈಟ್. ವಾಟ್ಸಾಪ್‌ನಲ್ಲಿ ಬರುವ ಶುಭೋದಯದ ಚಿತ್ರವೇ ಇದಕ್ಕಿಂತ ದೊಡ್ಡದಿರುತ್ತದೆ. ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣವಷ್ಟೇ ಬೇರೆ.

ಬೆಂಗಳೂರಿನ ಮಟ್ಟಿಗೆ ಈ ಪಾಠ ಮುಖ್ಯ. ತೊಂಬತ್ತರ ದಶಕದಲ್ಲಿ ಇಲ್ಲಿನ ಹೆಚ್ಚಿನ ಮನೆಗಳಿಗೆ ಮಾರಿಯೋ ಬಂದದ್ದು ನಕಲಿ ‘ಟಿವಿ ಗೇಮ್’ ಪೆಟ್ಟಿಗೆಗಳೊಂದಿಗೆ. ‘9999 ಇನ್ 1’ ಎಂದು ಬರೆದ ಹಳದಿ ಕ್ಯಾಸೆಟ್‌ನಲ್ಲಿ ನಿಜಕ್ಕೂ ಇರುತ್ತಿದ್ದದ್ದು ಕೆಲವೇ ಆಟಗಳು, ಅವೇ ಮತ್ತೆ ಮತ್ತೆ. ಕೈಪಿಡಿ ಇಲ್ಲ, ಜಾಹೀರಾತು ಇಲ್ಲ, ರಾಜಕುಮಾರಿಯನ್ನು ಯಾರು ಹೊತ್ತೊಯ್ದರು ಎಂಬ ಕಥೆಯೂ ಗೊತ್ತಿಲ್ಲ. ಆದರೂ ಒಂದು ಇಡೀ ಪೀಳಿಗೆಗೆ ಅವನು ನೆಂಟನಾದ. ‘ಕಾಂಟ್ರಾ’ ಎಂಬ ಗುಂಡಿನ ಕಾಳಗದ ಆಟದಲ್ಲಿ ಮೂವತ್ತು ಲೈಫ್ ಪಡೆಯುವ ಗುಟ್ಟೂ (ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ) ಬಾಯಿಂದ ಬಾಯಿಗೇ ಹಬ್ಬಿತು. ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ ಅದನ್ನು ಮೊದಲು ಬಳಸಿದ್ದು ‘ಗ್ರೇಡಿಯಸ್’ ಆಟವನ್ನು ಪರೀಕ್ಷಿಸುವ ತಮ್ಮ ಅನುಕೂಲಕ್ಕೆ. ಅದು ಆಟದೊಳಗೇ ಉಳಿದುಬಿಟ್ಟಿತು.

ಇನ್ನು ಕೈಕೆಲಸದ ವಿವರ. ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಓಡುವ ಆಟದಲ್ಲಿ ಬಟನ್ ಒತ್ತಿದ ಮುಂದಿನ ಫ್ರೇಮಿನಲ್ಲೇ ಪಾದ ನೆಲ ಬಿಡಬೇಕು. ಹೊಸ ತಂಡಗಳಲ್ಲಿ ಅನಿಮೇಟರ್ ಪ್ರೀತಿಯಿಂದ ಎಂಟು ಫ್ರೇಮಿನ ಕುಕ್ಕರುವಿಕೆ ಸೇರಿಸುತ್ತಾರೆ. ನೋಡಲು ಚಂದ, ಆದರೆ ಅದು 0.13 ಸೆಕೆಂಡ್, ಆಟಗಾರನಿಗೆ ಬಟನ್ ಸತ್ತಂತೆ ಅನ್ನಿಸುತ್ತದೆ. ಮೊದಲು ನೆಗೆಸಿ, ಮೈ ಕುಗ್ಗಿ ಹಿಗ್ಗುವುದನ್ನು ಗಾಳಿಯಲ್ಲಿ ತೋರಿಸಿ. ಏರುವಾಗ ಇರುವುದಕ್ಕಿಂತ ಇಳಿಯುವಾಗ ಗುರುತ್ವ ಒಂದೂವರೆಯಿಂದ ಎರಡು ಪಟ್ಟು ಇರಲಿ, ಇಲ್ಲದಿದ್ದರೆ ನಾಯಕ ಬಲೂನಿನಂತೆ ತೇಲುತ್ತಾನೆ. ಅಂಚು ದಾಟಿದ ಮೇಲೂ ಸುಮಾರು 0.1 ಸೆಕೆಂಡ್ ಜಿಗಿಯಲು ಅವಕಾಶ ಕೊಡಿ. 2018ರ ‘ಸೆಲೆಸ್ಟ್’ನಲ್ಲಿ ಇರುವುದು ಇಷ್ಟೇ. ನೆಲ ಮುಟ್ಟುವ ತುಸು ಮೊದಲೇ ಒತ್ತಿದ್ದನ್ನೂ ನೆನಪಿಟ್ಟು, ಮುಟ್ಟಿದೊಡನೆ ಜಿಗಿಸಿ. ಈ ಎರಡು ರಿಯಾಯಿತಿಗಳು ಆಟಗಾರನ ಗಮನಕ್ಕೇ ಬರುವುದಿಲ್ಲ. ತೆಗೆದು ನೋಡಿ, ‘ಗೇಮ್ ಮೋಸ ಮಾಡುತ್ತೆ’ ಎಂಬ ದೂರು ಬರುತ್ತದೆ. ಫೋನಿನಲ್ಲಿ ಬೆರಳಿಗೆ ಅಂಚು ಸಿಗುವುದಿಲ್ಲ, ಹಾಗಾಗಿ ಬಟನ್ ಕನಿಷ್ಠ 9 ಮಿ.ಮೀ. ಅಗಲವಿರಬೇಕು, ಹೆಬ್ಬೆರಳು ಎಲ್ಲಿ ಊರಿತೋ ಅಲ್ಲೇ ಜಾಯ್‌ಸ್ಟಿಕ್ ಮೂಡಬೇಕು.

ವೇಗವೊಂದೇ ಗುಣ ಎಂದು ಹೇಳುತ್ತಿಲ್ಲ. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ದ ರಾಜಕುಮಾರ ನಿಧಾನಿ. ಜೋರ್ಡಾನ್ ಮೆಕ್ನರ್ ತಮ್ಮ ತಮ್ಮನ ಓಟ-ನೆಗೆತವನ್ನು ಚಿತ್ರೀಕರಿಸಿ, ಅದರ ಮೇಲೆ ಫ್ರೇಮ್ ಫ್ರೇಮಾಗಿ ಬರೆದ ಚಲನೆ ಅದು. ಒಮ್ಮೆ ನೆಗೆದರೆ ನಡುವೆ ತಡೆಯಲಾಗದು. ಆದರೆ ಅವನ ಹೆಜ್ಜೆಯ ಅಳತೆ ಎಂದೂ ತಪ್ಪುವುದಿಲ್ಲ, ಹಳ್ಳಗಳು, ಅಂಚುಗಳು ಆ ಅಳತೆಗೆ ತಕ್ಕಂತೆಯೇ ಇವೆ. ಆಟ ಕೊಟ್ಟ ಮಾತನ್ನು ಉಳಿಸಿಕೊಂಡರೆ ಆಟಗಾರ ತಾಳ್ಮೆ ತೋರುತ್ತಾನೆ.

ಎದುರಾಳಿಗಳ ವಿಷಯದಲ್ಲೂ ಹೀಗೆಯೇ. 1980ರ ‘ಪ್ಯಾಕ್‌ಮ್ಯಾನ್’ನಲ್ಲಿ ತೋರು ಇವಾತಾನಿ ಆಟಗಾರನನ್ನು ಅಟ್ಟುವ ನಾಲ್ಕು ದೆವ್ವಗಳಿಗೆ ಒಂದೇ ಮೈ, ನಾಲ್ಕು ಬಣ್ಣ ಕೊಟ್ಟರು. ಸ್ವಭಾವ ಬಂದದ್ದು ಲೆಕ್ಕದಿಂದ. ಕೆಂಪು ದೆವ್ವ ಆಟಗಾರ ಇರುವ ಮನೆಗೇ ಗುರಿ ಇಡುತ್ತದೆ. ಗುಲಾಬಿ ದೆವ್ವ ಅವನ ಮುಂದಿನ ನಾಲ್ಕನೇ ಮನೆಗೆ ಗುರಿ ಇಟ್ಟು ಅಡ್ಡಗಟ್ಟುತ್ತದೆ. ತಿಳಿನೀಲಿಯದ್ದು ಆಟಗಾರನ ಮುಂದಿನ ಎರಡನೇ ಮನೆಯನ್ನೂ ಕೆಂಪು ದೆವ್ವ ಇರುವ ಜಾಗವನ್ನೂ ಸೇರಿಸಿ ಹಾಕುವ ಲೆಕ್ಕ, ಹಾಗಾಗಿ ಅದರ ನಡೆ ಊಹೆಗೆ ಸಿಗದು. ಕಿತ್ತಳೆ ಎಂಟು ಮನೆಗಿಂತ ದೂರವಿದ್ದರೆ ಅಟ್ಟಿಸಿಕೊಂಡು ಬರುತ್ತದೆ, ಹತ್ತಿರವಾದರೆ ತನ್ನ ಮೂಲೆಗೆ ಓಡುತ್ತದೆ. ಒಂದು ಮಾತೂ ಆಡದೆ ಒಂದು ಕೋಪಿಷ್ಠ, ಒಂದು ಕಪಟಿ, ಒಂದು ಚಂಚಲ, ಒಂದು ಪುಕ್ಕಲು! ಪಾತ್ರಪರಿಚಯದ ನಲವತ್ತು ಪುಟ ಬರೆಯುವ ನಮ್ಮ ತಂಡಗಳು ಇಂಥ ನಾಲ್ಕು ಸಾಲು ಬರೆದರೆ ಸಾಕು.

ಸದ್ದಿನ ಬಗ್ಗೆ ಚಿಕ್ಕದಾಗಿ. ಮಾರಿಯೋ ನಾಣ್ಯದ ಸದ್ದು ಎರಡೇ ಸ್ವರ, ಷಡ್ಜದಿಂದ ಶುದ್ಧ ಮಧ್ಯಮಕ್ಕೆ ಇರುವ ಅಂತರ. 1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ನಾಲ್ಕು ಸ್ವರಗಳ ಮಂದ್ರ ಬಡಿತ, ಶತ್ರುಗಳು ಕಡಿಮೆಯಾದಂತೆ ಬಿರುಸಾಗುತ್ತದೆ. ಸದ್ದು ಕ್ರಿಯೆಯ ಕ್ಷಣಕ್ಕೇ ಬೀಳಬೇಕು. ಧ್ವನಿ ಫೈಲಿನ ಆರಂಭದಲ್ಲಿ ಉಳಿದ ಖಾಲಿ ಮೌನವನ್ನು ಕತ್ತರಿಸದೆ ಬಿಡುವುದು ನಾವು ಅತಿ ಹೆಚ್ಚು ಕಾಣುವ ತಪ್ಪು. ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಹೇಗೂ ತಡವಾಗುತ್ತದೆ, ಅದರ ಮೇಲೆ ಇದೂ ಬೇಡ.

ಹುಟ್ಟಿದ ಪಾತ್ರ ದಶಕಗಟ್ಟಲೆ ಬಾಳುವುದು ಬೇರೆಯದೇ ಕೆಲಸ. ‘ಸ್ಟ್ರೀಟ್ ಫೈಟರ್’ನ ರ‍್ಯೂ 1987ರಿಂದ ಬೆಂಕಿಯುಂಡೆ ಎಸೆಯುವುದು ಒಂದೇ ಬಗೆಯಲ್ಲಿ: ಕೆಳಗೆ, ಕೆಳಗೆ-ಮುಂದೆ, ಮುಂದೆ, ಪಂಚ್. 2023ರ ಆರನೇ ಆವೃತ್ತಿ ಹೊಸಬರಿಗೆಂದು ಸರಳ ಬಟನ್ ವಿಧಾನ ತಂದಿತು, ಹಳೆಯದನ್ನು ಕಿತ್ತು ಹಾಕಲಿಲ್ಲ. ಇಪ್ಪತ್ತು ವರ್ಷ ಬಿಟ್ಟು ಬಂದವನಿಗೂ ಕೈ ನೆನಪಿರುತ್ತದೆ. ‘ಪೋಕೆಮಾನ್’ 1996ರಲ್ಲಿ ಕೆಂಪು, ಹಸಿರು ಎಂದು ಎರಡಾಗಿ ಬಂತು. ಎಲ್ಲ ಜೀವಿಗಳೂ ಒಂದರಲ್ಲೇ ಸಿಗುವುದಿಲ್ಲ, ಕೇಬಲ್ ಹಾಕಿ ಗೆಳೆಯನೊಡನೆ ಅದಲುಬದಲು ಮಾಡಲೇಬೇಕು. ಆ ಜೋಡಿ ಪದ್ಧತಿ ಈಗಲೂ ಇದೆ. ಇದಕ್ಕೆ ವಿರುದ್ಧವಾಗಿ, ಮುದ್ದು ಗೊಂಬೆಯಂಥ ‘ಬಾಂಬರ್‌ಮ್ಯಾನ್’ಗೆ 2006ರಲ್ಲಿ ಕಬ್ಬಿಣದ ಕವಚ ತೊಡಿಸಿ ಕತ್ತಲ ಲೋಕಕ್ಕೆ ತಳ್ಳಿದರು, ಯಾರೂ ಒಪ್ಪಲಿಲ್ಲ. ಲಾರಾ ಕ್ರಾಫ್ಟ್‌ಳದ್ದು ಇನ್ನೊಂದು ಬಗೆಯ ಪೆಟ್ಟು: 1996ರಿಂದ 2000ದವರೆಗೆ ವರ್ಷಕ್ಕೊಂದು ‘ಟೂಂಬ್ ರೈಡರ್’, ಆಮೇಲೆ 2003ರಲ್ಲಿ ದೋಷಗಳ ಮೂಟೆಯಾಗಿ ಬಂದ ಕಂತು, ಸರಣಿ ಬೇರೆ ಸ್ಟುಡಿಯೋ ಪಾಲು. ದಣಿದದ್ದು ಲಾರಾ ಅಲ್ಲ, ಅವಳನ್ನು ಕಟ್ಟುತ್ತಿದ್ದ ತಂಡ.

ಬಾಳಿಕೆಗೆ ಕಾಗದಪತ್ರವೂ ಬೇಕು. 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್‌ನಿಂದ ಹಿಡಿದು ಬೆಂಗಳೂರಿನ ಕೈಗಳು ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಪಾತ್ರ ಕಟ್ಟಿಕೊಡುತ್ತಲೇ ಇವೆ. ಹೊರಗುತ್ತಿಗೆ ಒಪ್ಪಂದದಲ್ಲಿ ಒಡೆತನ ಸಾಮಾನ್ಯವಾಗಿ ಕೆಲಸ ಕೊಟ್ಟವರದೇ. ಸ್ವಂತ ಪಾತ್ರ ಮಾಡುವವರೂ ಎಡವುತ್ತಾರೆ. ಫ್ರೀಲಾನ್ಸ್ ಕಲಾವಿದರಿಂದ ಬರೆಸಿದ ನಾಯಕ, ದುಡ್ಡು ಕೊಟ್ಟ ಮಾತ್ರಕ್ಕೆ ನಿಮ್ಮವನಾದನೆಂದು ನಂಬಿ ಕೂರುವಂತಿಲ್ಲ, ಲಿಖಿತ ಹಸ್ತಾಂತರ ಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕು ಐದೇ ವರ್ಷ. ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರ. ಪಾತ್ರದ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವಾಗ ಸಾಫ್ಟ್‌ವೇರ್‌ಗೆ 9ನೇ ವರ್ಗ, ಆಟಿಕೆಗೆ 28, ಮನರಂಜನೆಗೆ 41. ಹತ್ತು ವರ್ಷಕ್ಕೊಮ್ಮೆ ನವೀಕರಣ.

ಮೂಲ ಕೋಡ್, ಚಿತ್ರಗಳ ಮೂಲ ಫೈಲು, ಎಂಜಿನ್ನಿನ (ಗೇಮ್ ಕಟ್ಟುವ ತಂತ್ರಾಂಶದ) ಆವೃತ್ತಿ ಸಂಖ್ಯೆ, ಈ ಮೂರನ್ನೂ ಜೋಪಾನವಾಗಿಡಬೇಕು. 2021ರ ಆಗಸ್ಟ್‌ನಿಂದ 32-ಬಿಟ್‌ನ ಹಳೆಯ ಗೇಮ್‌ಗಳು 64-ಬಿಟ್ ಫೋನುಗಳ ಪ್ಲೇ ಸ್ಟೋರ್‌ನಲ್ಲಿ ಕಾಣದಾದವು; ಮೂಲ ಕಳೆದುಕೊಂಡವರು ಮತ್ತೆ ಕಟ್ಟಿ ಏರಿಸುವುದು ಹೇಗೆ? ಕನ್ನಡದ್ದೇ ಒಂದು ತೊಡಕೂ ಇದೆ. ಯೂನಿಟಿ ಎಂಜಿನ್ನಿನಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೋ ಬಹುಕಾಲ ಒತ್ತಕ್ಷರಗಳನ್ನು ಜೋಡಿಸದೆ ಒಡೆದು ತೋರಿಸುತ್ತಿತ್ತು, 2023ರ ಗೋಡೋ 4 ಎಂಜಿನ್ನಿನಲ್ಲಿ ಅವು ಸರಿಯಾಗಿ ಕೂರುತ್ತವೆ. ಎಂಜಿನ್ ಆರಿಸುವ ದಿನವೇ ‘ಕ್ಷ’, ‘ಸ್ತ್ರೀ’, ‘ರಾಷ್ಟ್ರ’ ಎಂದು ಟೈಪಿಸಿ ನೋಡುವುದು ಒಳ್ಳೆಯದು.

ಅನುದಾನ ಕೊಡುವವರಲ್ಲಿ ನಮ್ಮ ಕೋರಿಕೆ ಇಷ್ಟು. ಅರ್ಜಿಯೊಡನೆ ಪೋಸ್ಟರ್, ಟ್ರೇಲರ್, ಕಥಾಸಂಪುಟ ಕೇಳಬೇಡಿ. ಬೂದು ಡಬ್ಬಿಯೊಂದು ಬೂದು ಕೋಣೆಯಲ್ಲಿ ಓಡಿ ನೆಗೆಯುವ ಒಂದು ನಿಮಿಷದ ಆಟ ಕೇಳಿ. 1996ರ ‘ಸೂಪರ್ ಮಾರಿಯೋ 64’ ತಂಡ ಹಂತಗಳನ್ನು ಕಟ್ಟುವ ಮೊದಲು ಮಾರಿಯೋ ಒಂದು ಮೊಲವನ್ನು ಅಟ್ಟಿಸಿಕೊಂಡು ಹೋಗುವುದನ್ನಷ್ಟೇ ಆಡಿ ತಿದ್ದಿತು. ಸಂಬಂಧವಿಲ್ಲದ ಹತ್ತು ಮಕ್ಕಳ ಕೈಗೆ ಫೋನ್ ಕೊಟ್ಟು, ಏನೂ ಹೇಳದೆ, ಯಾರು ಎಷ್ಟು ಹೊತ್ತು ಸುಮ್ಮನೆ ನೆಗೆಯುತ್ತಾ ಕೂರುತ್ತಾರೆಂದು ಬರೆದುಕೊಳ್ಳಿ. ಹಣ ಹಂಚಲು ನಮಗೆ ಗೊತ್ತಿರುವ ಇದಕ್ಕಿಂತ ನಂಬಿಕಸ್ಥ ಅಳತೆ ಇಲ್ಲ. ತಮ್ಮ ಪತ್ರಿಕೆಯೂ ಕನ್ನಡದ ಹೊಸ ಗೇಮ್ ಬಗ್ಗೆ ಬರೆಯುವಾಗ ನಾಯಕ ಯಾರು ಎಂಬುದರ ಜೊತೆಗೆ, ಹತ್ತು ಸಾವಿರ ರೂಪಾಯಿಯ ಫೋನಿನಲ್ಲಿ ಅದು ತಡವರಿಸದೆ ಓಡುತ್ತದೆಯೇ, ಬಟನ್ ಒತ್ತಿದರೆ ಏನಾಗುತ್ತದೆ ಎಂಬುದನ್ನೂ ಒಂದು ಸಾಲು ಬರೆಸಬೇಕೆಂದು ವಿನಂತಿ.

— ಗೇಮ್ ವಿನ್ಯಾಸ ಮತ್ತು ಅನಿಮೇಷನ್ ಕ್ಷೇತ್ರದ ಕೆಲವು ಕೆಲಸಗಾರರು, ಬೆಂಗಳೂರು