ಮಮ್ಮಿ ಪಾಠದ ಬಗ್ಗೆ ಎಂಟನೇ ತರಗತಿಯ ಪೋಷಕರಿಗೆ

ಪ್ರೀತಿಯ ಪೋಷಕರೇ, ನಮಸ್ಕಾರ. ಎಂಟನೇ ತರಗತಿಯಲ್ಲಿ ಹಳೇ ಈಜಿಪ್ಟಿನ ಪಾಠ ನಡೆಯುತ್ತಿದೆ. ಅಲ್ಲಿ ಸತ್ತವರ ದೇಹವನ್ನು ಒಣಗಿಸಿ, ಬಟ್ಟೆ ಸುತ್ತಿ, ಕೆಡದಂತೆ ಇಡುತ್ತಿದ್ದರು. ಅದೇ ಮಮ್ಮಿ.

ಕಳೆದ ವಾರ ಎಂಟನೇ ತರಗತಿಯ ಹುಡುಗನೊಬ್ಬ ಅಜ್ಜನ ಹಳೇ ಪಂಚೆ ಹರಿದು, ತಂಗಿಯ ಬೊಂಬೆಗೆ ತಲೆಯಿಂದ ಕಾಲಿನವರೆಗೂ ಸುತ್ತಿ, ನಡುಮನೆಯಲ್ಲಿ ಮಲಗಿಸಿದ. ಅಜ್ಜ ಆಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಮಾರನೇ ದಿನ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಅವನ ತಾಯಿ ನನ್ನ ಕೋಣೆಯಲ್ಲಿದ್ದರು. "ಮೇಡಂ, ಸ್ಕೂಲಲ್ಲಿ ಹೆಣ ಸುತ್ತೋದು ಹೇಳ್ಕೊಡ್ತೀರಾ?" ಎಂದು ಕೇಳಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆ ಬೊಂಬೆ ನಮ್ಮ ಮನೆಯಲ್ಲಿ ಮಲಗಿದ್ದರೆ ನನ್ನ ಎದೆಯೂ ಧಸಕ್ ಅನ್ನುತ್ತಿತ್ತು.

ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಏನೇನು ಹರಿದಾಡಿತು ಎಂಬುದೂ ನನ್ನ ಕಿವಿಗೆ ಬಿದ್ದಿದೆ. ಮಕ್ಕಳನ್ನು ಹೆಣ ತೋರಿಸಲು ಹೈದರಾಬಾದಿಗೆ ಕರೆದುಕೊಂಡು ಹೋಗುತ್ತಿಲ್ಲ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಈಜಿಪ್ಟಿನ ಮಮ್ಮಿ ಇದೆ ಎಂದು ಟೀಚರ್ ಹೇಳಿದ್ದು ನಿಜ, ಅಷ್ಟೇ. ತರಗತಿಯಲ್ಲಿ ಯಾವ ಪ್ರಾಣಿಯನ್ನೂ ಕೊಯ್ದಿಲ್ಲ. ಉಪ್ಪು, ಅಡುಗೆ ಸೋಡಾ ತುಂಬಿದ ಡಬ್ಬಿಯಲ್ಲಿ ಹೂತಿಟ್ಟದ್ದು ಒಂದು ಸೌತೆಕಾಯಿ.

ಹಾಗಂತ ತಪ್ಪೆಲ್ಲ ನಿಮ್ಮ ಕಡೆಯದೇ ಅನ್ನುತ್ತಿಲ್ಲ. ಈ ಪಾಠ ಶುರುವಾಗುವ ಮೊದಲೇ ಡೈರಿಯಲ್ಲಿ ನಾಲ್ಕು ಸಾಲು ಬರೆದು ಕಳಿಸಬೇಕಿತ್ತು. ಕಳಿಸಲಿಲ್ಲ. ಅದು ನನ್ನ ತಪ್ಪು, ಟೀಚರದ್ದಲ್ಲ.

ಸೌತೆಕಾಯಿ ಯಾಕೆ ಅಂತ ಹೇಳಿಬಿಡುತ್ತೇನೆ. ಈಜಿಪ್ಟಿನವರು ಶವವನ್ನು ಒಣಗಿಸಲು ಬಳಸುತ್ತಿದ್ದದ್ದು ನಾಟ್ರಾನ್ ಎಂಬ ಉಪ್ಪು. ಮರುಭೂಮಿಯ ಉಪ್ಪುಕೆರೆಗಳಿಂದ ತರುತ್ತಿದ್ದರು. ಅದರಲ್ಲಿ ಹೆಚ್ಚಾಗಿ ಇರುವುದು ಬಟ್ಟೆ ಸೋಡಾ ಮತ್ತು ಅಡುಗೆ ಸೋಡಾ. ಸುಮಾರು 40 ದಿನ ದೇಹ ಆ ಉಪ್ಪಿನಲ್ಲಿ ಇರುತ್ತಿತ್ತು. ಬಟ್ಟೆ ಸುತ್ತಿ ಮುಗಿಸುವ ಹೊತ್ತಿಗೆ ಒಟ್ಟು 70 ದಿನ. ನೀರು ಹೋದರೆ ಕೊಳೆಯುವುದಿಲ್ಲ. ನಮ್ಮ ಬಾಳಕದ ಮೆಣಸಿನಕಾಯಿ ವರ್ಷಗಟ್ಟಲೆ ಕೆಡದೆ ಇರುವುದೂ ಇದೇ ಕಾರಣಕ್ಕೆ ಅಲ್ವಾ? ಕೊಕ್ಕೆ ಹಾಕಿ ಮೂಗಿನಿಂದ ಮಿದುಳು ತೆಗೆಯುತ್ತಿದ್ದರು ಎಂಬುದನ್ನು ಟೀಚರ್ ಒಂದೇ ವಾಕ್ಯದಲ್ಲಿ ಹೇಳಿದ್ದರು. ಮಕ್ಕಳು ಊಟದ ಹೊತ್ತಿನಲ್ಲಿ ಅದನ್ನು ಎಷ್ಟು ಬೆಳೆಸಿದರೋ, ನಿಮಗೇ ಗೊತ್ತು. ಹೃದಯವನ್ನು ಮಾತ್ರ ದೇಹದಲ್ಲೇ ಬಿಡುತ್ತಿದ್ದರು, ಯಾಕೆಂದರೆ ಬುದ್ಧಿ ಇರುವುದು ಅಲ್ಲೇ ಎಂದು ಅವರ ನಂಬಿಕೆ. ಇನ್ನೊಂದು ವಿಷಯ: ಕ್ರಿ.ಪೂ. 1213ರಲ್ಲಿ ತೀರಿಕೊಂಡ ರಾಜ ಎರಡನೇ ರಾಮ್ಸೆಸ್‌ನ ಮಮ್ಮಿಯ ಮೂಗಿನಲ್ಲಿ ಕರಿಮೆಣಸಿನ ಕಾಳು ಸಿಕ್ಕಿದೆ. ಕರಿಮೆಣಸಿನ ಮೂಲ ನಮ್ಮ ಪಶ್ಚಿಮ ಘಟ್ಟ. ಯಾರ ಕೈಯಿಂದ ಯಾರ ಕೈಗೆ ದಾಟಿ ಅಲ್ಲಿಗೆ ಹೋಯಿತೋ! ಇದನ್ನು ಕೇಳಿದ ಮೇಲೆ ಮಕ್ಕಳು ಭೂಪಟ ಬಿಟ್ಟು ಏಳಲಿಲ್ಲ.

"ನಾಯಿ ಮುಖದ ದೇವರ ಚಿತ್ರ ಮಗಳ ನೋಟ್ ಬುಕ್ಕಿನಲ್ಲಿ ಯಾಕೆ" ಎಂದು ಇನ್ನೊಬ್ಬರು ಕೇಳಿದ್ದಾರೆ. ಅದು ಅನೂಬಿಸ್, ನರಿ ಮುಖದ ದೇವರು. ಸತ್ತವರ ಹೃದಯವನ್ನು ತಕ್ಕಡಿಯಲ್ಲಿಟ್ಟು ಒಂದು ಗರಿಗೆ ತೂಗಿ ನೋಡುತ್ತಿದ್ದನಂತೆ. ಸತ್ತವನು 42 ದೇವತೆಗಳ ಮುಂದೆ ನಿಂತು, ನಾನು ಕದ್ದಿಲ್ಲ, ತೂಕದಲ್ಲಿ ಮೋಸ ಮಾಡಿಲ್ಲ, ಮಕ್ಕಳ ಬಾಯಿಂದ ಹಾಲು ಕಿತ್ತುಕೊಂಡಿಲ್ಲ ಎಂದೆಲ್ಲ ಹೇಳಬೇಕಿತ್ತು. ಪಕ್ಕದಲ್ಲಿ ಥೋತ್ ಎಂಬ ದೇವರು ಲೆಕ್ಕ ಬರೆದುಕೊಳ್ಳುತ್ತಿದ್ದ. ಇದನ್ನು ಕೇಳಿದ ಒಬ್ಬ ಅಜ್ಜಿ "ಇವ್ನು ನಮ್ ಚಿತ್ರಗುಪ್ತನೇ ಅಲ್ವೇನೋ" ಎಂದರಂತೆ. ಆ ಅಜ್ಜಿಯ ಕೈಯಲ್ಲೇ ನಮ್ಮ ಶಾಲೆಯಲ್ಲಿ ಒಂದು ಪಾಠ ಮಾಡಿಸಬೇಕು ಅನ್ನಿಸಿತು. ಇಲ್ಲಿ ಯಾವ ಪೂಜೆಯೂ ನಡೆದಿಲ್ಲ. ಆ ಮಾತು ಇಲ್ಲಿಗೆ ಬಿಡೋಣ.

ನಿಜವಾದ ತಕರಾರು ಬೇರೆ ಇದೆ. ಮಕ್ಕಳ ಮುಂದೆ ಸಾವಿನ ಮಾತು ಬೇಡ ಎಂಬುದು ನಿಮ್ಮಲ್ಲಿ ಬಹಳ ಜನರ ಅಭಿಪ್ರಾಯ. "ಪಿರಮಿಡ್ಡು, ರಾಜ, ನೈಲ್ ನದಿ ಹೇಳಿ ಮುಗಿಸಿ, ಸಾಕು" ಎಂದಿದ್ದೀರಿ. ಹಾಗೆ ಮಾಡಬಹುದಾ ಎಂದು ನಾವೂ ಕೂತು ನೋಡಿದೆವು. ಆಗುವುದಿಲ್ಲ. ಯಾಕೆ ಎಂಬುದಕ್ಕೆ ಒಂದು ಕಲ್ಲಿನ ಚೂರಿನ ಕಥೆ ಹೇಳುತ್ತೇನೆ.

ರಾಜರ ಸಮಾಧಿಗಳನ್ನು ಕೊರೆಯುತ್ತಿದ್ದ ಕೆಲಸಗಾರರು ದೇರ್ ಎಲ್-ಮದೀನಾ ಎಂಬ ಪುಟ್ಟ ಊರಿನಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದರು. ಎರಡನೇ ರಾಮ್ಸೆಸ್ ಆಳ್ವಿಕೆಯ 40ನೇ ವರ್ಷದ ಅವರ ಹಾಜರಿ ಪಟ್ಟಿ ಸಿಕ್ಕಿದೆ. ಸುಣ್ಣಕಲ್ಲಿನ ಚೂರಿನ ಮೇಲೆ ಬರೆದದ್ದು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯಾರು ಯಾವ ದಿನ ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಅದರಲ್ಲಿದೆ. ಒಬ್ಬನಿಗೆ ಚೇಳು ಕುಟುಕಿತ್ತು. ಒಬ್ಬನಿಗೆ ಕಣ್ಣು ನೋವು. ಒಬ್ಬ ಮನೆಯಲ್ಲಿ ಬಿಯರ್ ಮಾಡುತ್ತಿದ್ದ (ಅಲ್ಲಿ ರೊಟ್ಟಿ, ಬಿಯರ್ ದಿನದ ಊಟ, ದಯವಿಟ್ಟು ಇದಕ್ಕೂ ದೂರು ಬೇಡ). ಇನ್ನೊಬ್ಬ ತನ್ನ ತಾಯಿಯ ಶವಕ್ಕೆ ಬಟ್ಟೆ ಸುತ್ತುತ್ತಿದ್ದ.

ಆ ಪಟ್ಟಿಯನ್ನು ಟೀಚರ್ ಓದಿದಾಗ ಮಕ್ಕಳು ಚೇಳಿಗೆ ನಕ್ಕರು, ಬಿಯರ್‌ಗೆ ಜಾಸ್ತಿ ನಕ್ಕರು. ತಾಯಿಯ ಸಾಲಿಗೆ ಬಂದಾಗ ತರಗತಿ ಗಪ್‌ಚುಪ್. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಈಗ ಹೇಳಿ, ಚೇಳು ಇಟ್ಟುಕೊಂಡು ಆ ಒಂದು ಸಾಲನ್ನು ಅಳಿಸಿ ಪಾಠ ಮಾಡುವುದು ಹೇಗೆ? ಅಲ್ಲಿ ಎಲ್ಲವೂ ಒಂದೇ ಪಟ್ಟಿಯಲ್ಲಿದೆ. ಬಟ್ಟೆ ಸುತ್ತುವುದು ಅವನಿಗೆ ಹೆದರಿಸುವ ಆಟವಾಗಿರಲಿಲ್ಲ. ಮಗ ಅಮ್ಮನಿಗೆ ಮಾಡಬೇಕಾದ ಕೆಲಸ, ಅದಕ್ಕೆ ರಜೆ.

ಬೇರೆ ದಿನಗಳೂ ಪಾಠದಲ್ಲಿವೆ. ಮೂರನೇ ರಾಮ್ಸೆಸ್‌ನ 29ನೇ ವರ್ಷದಲ್ಲಿ ಕೂಲಿಯ ಧಾನ್ಯ ಬರದೆ ಇದೇ ಊರಿನವರು ಕೆಲಸ ನಿಲ್ಲಿಸಿ, ಹಸಿವಾಗಿದೆ ಎಂದು ದೇವಸ್ಥಾನದ ಹತ್ತಿರ ಕೂತರು. ನಮಗೆ ದಾಖಲೆ ಸಿಕ್ಕಿರುವ ಮೊದಲ ಮುಷ್ಕರ ಅದು. ಇದೇ ಊರಿನ ನೌನಖ್ತೆ ಎಂಬ ತಾಯಿ ಸಾಕ್ಷಿಗಳ ಮುಂದೆ ಉಯಿಲು ಬರೆಸಿ, ಮುಪ್ಪಿನಲ್ಲಿ ತನ್ನನ್ನು ನೋಡಿಕೊಂಡ ಮಕ್ಕಳಿಗೆ ಆಸ್ತಿ ಕೊಟ್ಟು, ಉಳಿದವರನ್ನು ಬಿಟ್ಟಳು. ಈ ಪಾಠಕ್ಕೆ ಯಾವ ಪೋಷಕರಿಂದಲೂ ದೂರು ಬಂದಿಲ್ಲ!

ಸತ್ತ ಮೇಲೂ ಹೊಲದ ಕೆಲಸ ತಪ್ಪುವುದಿಲ್ಲ ಎಂದು ಅವರು ನಂಬಿದ್ದರು. ಅದಕ್ಕೇ ಸಮಾಧಿಯಲ್ಲಿ ಶಬ್ತಿ ಎಂಬ ಪುಟ್ಟ ಗೊಂಬೆ ಇಡುತ್ತಿದ್ದರು. ಅಲ್ಲಿ ಯಾರಾದರೂ ದುಡಿಯಲು ಕೂಗಿದರೆ ಯಜಮಾನನ ಬದಲು ಗೊಂಬೆ "ಇಲ್ಲಿದ್ದೇನೆ" ಅನ್ನಬೇಕು. 1922ರಲ್ಲಿ ಸಿಕ್ಕಿದ ತುತಂಖಾಮನ್ ಸಮಾಧಿಯಲ್ಲಿ ಇಂಥ 413 ಗೊಂಬೆಗಳಿದ್ದವು. ಮರುದಿನವೇ ಒಬ್ಬ ಮಹಾಶಯ ಬೆಂಚಿನ ಮೇಲೆ ಮಣ್ಣಿನ ಗೊಂಬೆ ಇಟ್ಟು, ಅದರ ಪರವಾಗಿ ಹಾಜರಿ ಕೂಗಿದ. ಮಕ್ಕಳು ಹೆದರಿದ್ದಾರೆ ಎಂದು ನನಗಂತೂ ಅನ್ನಿಸುತ್ತಿಲ್ಲ.

ಆದರೂ ಎಲ್ಲ ಮನೆಯೂ ಒಂದೇ ಥರ ಇರುವುದಿಲ್ಲ. ಈಚೆಗೆ ಯಾರನ್ನಾದರೂ ಕಳೆದುಕೊಂಡ ಮನೆ, ಕಾಯಿಲೆಯವರಿರುವ ಮನೆ ನಮ್ಮಲ್ಲಿವೆ. ಅಂಥ ಮಕ್ಕಳನ್ನು ರೊಟ್ಟಿ ಮತ್ತು ಸೆನೆತ್ ಆಟದ ಗುಂಪಿಗೆ ಹಾಕುತ್ತೇವೆ. ಸೆನೆತ್ ಅವರ ಪಗಡೆ ಅಂದುಕೊಳ್ಳಿ. ಕಾರಣ ಬರೆಯಬೇಕಿಲ್ಲ, ನನಗೆ ಒಂದು ಮಾತು ಹೇಳಿದರೆ ಸಾಕು, ಮಗುವನ್ನು ಯಾರೂ ಏನೂ ಕೇಳುವುದಿಲ್ಲ. ಇನ್ನು ಮುಂದೆ ಬಟ್ಟೆ ಸುತ್ತುವ ಕೆಲಸ ಮನೆಪಾಠವಾಗಿ ಬರುವುದೂ ಇಲ್ಲ. ಶಾಲೆಯಲ್ಲೇ, ಟೀಚರ್ ಮುಂದೆ, ಸೌತೆಕಾಯಿಗೆ ಮಾತ್ರ. ಇಷ್ಟು ನಾವು ಬಗ್ಗಿದ್ದೇವೆ. ಪಾಠವನ್ನು ಮಾತ್ರ ಕೈಬಿಡುವುದಿಲ್ಲ.

ಈ ಶನಿವಾರ ಬೆಳಿಗ್ಗೆ 9 ಗಂಟೆಗೆ ಮಕ್ಕಳ ಪ್ರದರ್ಶನ ಇದೆ. ಅವತ್ತು ಸುಮ್ನೆ ಮಕ್ಕಳಿಗೆ ರಜೆ ಹಾಕಿಸಬೇಡಿ.

ನಿಮ್ಮ,
ಮುಖ್ಯೋಪಾಧ್ಯಾಯಿನಿ

ತಾ.ಕ.: ಪಂಚೆ ಕಳೆದುಕೊಂಡ ಅಜ್ಜ ಸುಧಾರಿಸಿಕೊಂಡಿದ್ದಾರೆ. ಸೌತೆಕಾಯಿ ಏನಾಯಿತು ಎಂದು ಮೊಮ್ಮಗನ ಕೈಯಲ್ಲಿ ಎರಡು ಸಲ ಕೇಳಿ ಕಳಿಸಿದ್ದಾರೆ. ಶನಿವಾರ ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇವೆ.